ಸ್ಟೆಲೆನ್‌ಬಾಷ್‌ನ ಸುಣ್ಣದ ಗೋಡೆ

ವಿಶ್ವವಿದ್ಯಾಲಯದ ಕೆಲಸದ ನಿಮಿತ್ತ ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್‌ಗೆ ಬಂದು ನೆಲೆಸಿದಾಗ, ಊರ ಹೊರಗಿನ ಹೊಸ ಬಡಾವಣೆಯ ಮನೆಗಳನ್ನೆಲ್ಲ ನೋಡಿಯೂ ನಾವು ಆರಿಸಿಕೊಂಡದ್ದು ಡಾರ್ಪ್ ಬೀದಿಗೆ ಹತ್ತಿರವಿರುವ ಒಂದು ಹಳೆಯ ಮನೆಯನ್ನು. ದ್ರಾಕ್ಷಿ ನಾಡಿನ ಊರು ಎಂದೊಡನೆ ಎಲ್ಲರಿಗೂ ವೈನ್ ತೋಟಗಳೇ ನೆನಪಾಗುತ್ತವೆ. ಆ ತೋಟಗಳು ಇರುವುದು ಊರ ಸುತ್ತ. ದಿನನಿತ್ಯ ಇಲ್ಲಿ ಬದುಕುವವರಿಗೆ ದಕ್ಕುವುದು ಓಕ್ ಮರಗಳ ನೆರಳು, ರಸ್ತೆಯಂಚಿನಲ್ಲಿ ಹರಿಯುವ ಕಾಲುವೆ ಮತ್ತು ಎಲ್ಲಿಗೂ ನಡೆದೇ ಹೋಗಬಹುದಾದ ಸುಖ. 1679ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸೈಮನ್ ವಾನ್ ಡೆರ್ ಸ್ಟೆಲ್ ನದಿಯ ಪಕ್ಕದಲ್ಲಿ ಊರು ಹೂಡಿದಾಗಿನಿಂದ ಇಲ್ಲಿನ ಹಿತ್ತಿಲು, ತೋಟ, ಗಿರಣಿ ಎಲ್ಲವೂ ನೀರನ್ನು ನಂಬಿಕೊಂಡೇ ಬೆಳೆದವು.

ಆದರೆ ಹಳೆಯ ಮನೆಗೆ ಚೆಲುವಿನ ಜೊತೆಗೆ ತೇವವೂ ಇರುತ್ತದೆ. ಇಲ್ಲಿ ಮಳೆಗಾಲವೇ ಚಳಿಗಾಲ. ಜೂನ್, ಜುಲೈ ತಿಂಗಳಲ್ಲಿ ನಮ್ಮ ನಡುಮನೆಯ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ, ಉಪ್ಪಿನಂಥ ಬಿಳಿ ಪುಡಿ ಉದುರುತ್ತಿತ್ತು. ಮಣ್ಣಿನ ಇಟ್ಟಿಗೆಯ ಆ ದಪ್ಪ ಗೋಡೆ ಹೀರಿಕೊಂಡ ತೇವವನ್ನು ಮತ್ತೆ ಹೊರಬಿಡಬೇಕು; ಹಿಂದೆ ಇದ್ದವರು ಅದರ ಮೇಲೆ ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಬಣ್ಣ ಬಳಿದಿದ್ದರಿಂದ ತೇವಕ್ಕೆ ದಾರಿಯೇ ಇರಲಿಲ್ಲ. 60 ವರ್ಷ ಮೀರಿದ ಕಟ್ಟಡವನ್ನು ಮಾರ್ಪಡಿಸಲು 1999ರ ಪರಂಪರೆ ಕಾಯ್ದೆಯ ಪ್ರಕಾರ ಅನುಮತಿ ಬೇಕಾಗುತ್ತದೆ. ಆದ್ದರಿಂದ ಮೊದಲು ಅರ್ಜಿ ಸಲ್ಲಿಸಿ, ಒಪ್ಪಿಗೆ ಬಂದ ಮೇಲೆಯೇ ಸಿಮೆಂಟನ್ನು ಚಾಣದಿಂದ ನಿಧಾನವಾಗಿ ಕೆತ್ತಿ ತೆಗೆಸಿದೆ. ಒಂದು ಇಡೀ ಬೇಸಿಗೆ ಗೋಡೆಯನ್ನು ಒಣಗಲು ಬಿಟ್ಟು, ಬಳಿಕ ಸುಣ್ಣದ ಗಾರೆ ಮಾಡಿಸಿದೆವು. ಸುಣ್ಣ ಬಳಿಯುವ ಕೆಲಸವನ್ನು ಮಾತ್ರ ನಾನೇ ಇಟ್ಟುಕೊಂಡೆ: ಗೋಡೆಗೆ ನೀರು ಚಿಮುಕಿಸಿ, ನೀರು ಮಜ್ಜಿಗೆಯಷ್ಟು ತೆಳುವಾದ ಸುಣ್ಣವನ್ನು ಪದರ ಪದರವಾಗಿ ಹಚ್ಚಬೇಕು. ಹಚ್ಚಿದಾಗ ಏನೂ ಕಾಣುವುದಿಲ್ಲ, ಆರಿದ ಮೇಲೆಯೇ ಬಿಳುಪು ಏಳುತ್ತದೆ. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಯುವುದನ್ನು ನಮ್ಮ ಕಡೆಯ ಊರಿನಲ್ಲಿ ನೋಡಿ ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಪ್ರವಾಸಿಗರು ಫೋಟೋ ತೆಗೆಯುವ ಈ ಬಿಳಿ ಗೋಡೆಗಳ ಹಿಂದೆ ಗುಲಾಮರ ದುಡಿಮೆಯಿದೆ; ಈ ಊರಿರುವ ಕೇಪ್ ಸೀಮೆಗೆ ಹಾಗೆ ತಂದವರಲ್ಲಿ ಬಂಗಾಳ ಮತ್ತು ಮಲಬಾರ್ ಕಡೆಯವರೂ ಇದ್ದರು. ಅಷ್ಟು ಹಿಂದೆ ಹೋಗಬೇಕಾದುದೂ ಇಲ್ಲ. ಊರ ನಡುವಿನ ಡಿ ಫ್ಲಾಕ್ಟೆ ಎಂಬ ಕೇರಿಯನ್ನು 1964ರಲ್ಲಿ ಬಿಳಿಯರಿಗೆ ಮಾತ್ರ ಎಂದು ಘೋಷಿಸಿ, ಅಲ್ಲಿದ್ದ ಕುಟುಂಬಗಳನ್ನು ಊರಂಚಿಗೆ ಎಬ್ಬಿಸಲಾಯಿತು. ವಿಶ್ವವಿದ್ಯಾಲಯದ ಕೆಲವು ಕಟ್ಟಡಗಳು ಇಂದು ನಿಂತಿರುವುದು ಅದೇ ನೆಲದ ಮೇಲೆ. ಊರು ಚೆನ್ನಾಗಿ ಉಳಿದುಕೊಂಡಿದೆ ಎಂದು ನೆಂಟರು ಹೊಗಳುವಾಗ, ಉಳಿದದ್ದು ಕಟ್ಟಡಗಳು, ಎಲ್ಲರ ಮನೆಗಳೂ ಅಲ್ಲ ಎಂದು ನಾನು ಹೇಳದೆ ಬಿಡುವುದಿಲ್ಲ.

ಇಲ್ಲಿ ಮನೆ ಕೊಳ್ಳಬೇಕೆನ್ನುವವರು ಚಳಿಗಾಲದ ಮಳೆಯಲ್ಲಿ ಬಂದು ಗೋಡೆಯ ಬುಡವನ್ನು ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯದು. ಮರದ ಕಿಟಕಿಗಳ ಖರ್ಚನ್ನೂ, ಹುಲ್ಲಿನ ಮಾಡಾಗಿದ್ದರೆ ದುಬಾರಿ ವಿಮೆಯನ್ನೂ ಮೊದಲೇ ಲೆಕ್ಕ ಹಾಕಿರಬೇಕು.