ಶಾಂಪೇನೋ, ಅರ್ಬಾನಾವೋ? ಮಗುವಿನೊಂದಿಗೆ ಬರುವವರು ಮನೆ ಹಿಡಿಯುವ ಮುನ್ನ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಬರುವವರೆಲ್ಲ ಕೇಳುವ ಮೊದಲ ಪ್ರಶ್ನೆ, "ಡಿಪಾರ್ಟ್‌ಮೆಂಟಿಗೆ ಹತ್ತಿರ ಎಲ್ಲಿ ಮನೆ ಸಿಗುತ್ತೆ?" ಒಬ್ಬರೇ ಬರುವವರಿಗೆ ಅಷ್ಟು ಸಾಕು. ಜೊತೆಗೆ ಮೂರೋ ಐದೋ ವರ್ಷದ ಮಗು ಇದ್ದರೆ ಕೇಳಬೇಕಾದ್ದೇ ಬೇರೆ: ಜನವರಿಯಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗತೊಡಗುತ್ತದೆ, ಆ ಹೊತ್ತಿಗೆ ಮಗುವನ್ನು ಕರೆದುಕೊಂಡು ಮನೆ ಸೇರಲು ಎಷ್ಟು ಬಸ್ಸು ಬದಲಿಸಬೇಕು? ನಿಮ್ಮ ಲ್ಯಾಬ್ ಇಪ್ಪತ್ತು ನಿಮಿಷ ದೂರವಾದರೂ ಪರವಾಗಿಲ್ಲ. ಮಗುವಿನ ದಾರಿ ಚಿಕ್ಕದಿರಲಿ.

ಕ್ಯಾಂಪಸ್ಸಿನ ನಡುವೆ ರೈಟ್ ಸ್ಟ್ರೀಟ್ ಇದೆ. ಅದರ ಪಶ್ಚಿಮಕ್ಕೆ ಶಾಂಪೇನ್, ಪೂರ್ವಕ್ಕೆ ಅರ್ಬಾನಾ. ರಸ್ತೆ ದಾಟಿದ್ದು ಗೊತ್ತಾಗುತ್ತದೆ, ಊರು ದಾಟಿದ್ದು ಗೊತ್ತಾಗುವುದಿಲ್ಲ. 1854ರಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಹಳಿಯನ್ನು ಅರ್ಬಾನಾದಿಂದ ಎರಡು ಮೈಲಿ ಆಚೆ ಹಾಕಿದರು. ಸ್ಟೇಷನ್ ಸುತ್ತ ಬೆಳೆದ ವೆಸ್ಟ್ ಅರ್ಬಾನಾ 1860ರಲ್ಲಿ ಶಾಂಪೇನ್ ಅಂತ ಹೆಸರಿಟ್ಟುಕೊಂಡು ಬೇರೆ ಊರಾಯಿತು. ಇವತ್ತಿಗೂ ನಗರಾಡಳಿತ ಬೇರೆ, ಲೈಬ್ರರಿ ಬೇರೆ, ಪಾರ್ಕುಗಳ ಆಡಳಿತ ಬೇರೆ. ಬಸ್ಸು ಮಾತ್ರ ಒಂದೇ. ಶಾಂಪೇನಿನ ದಕ್ಷಿಣಕ್ಕೆ ಸವಾಯ್ ಅಂತ ಇನ್ನೊಂದು ಚಿಕ್ಕ ಊರು ಅಂಟಿಕೊಂಡಿದೆ. ಬಾಡಿಗೆಯವರಿಗೆ ಈ ಗಡಿಗಳಲ್ಲಿ ನಿಜವಾಗಿ ತಾಗುವುದು ಒಂದೇ, ಶಾಲಾ ಜಿಲ್ಲೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ.

ಅರ್ಬಾನಾದ್ದು ಡಿಸ್ಟ್ರಿಕ್ಟ್ 116. ಅಲ್ಲಿ ಪ್ರೈಮರಿ ಶಾಲೆ ಮನೆಯ ವಿಳಾಸದ ಮೇಲೆ ನಿಗದಿಯಾಗುತ್ತದೆ, ಹಾಗಾಗಿ ಮನೆ ಹಿಡಿಯುವ ಮೊದಲೇ ಮಗು ಯಾವ ಶಾಲೆಗೆ ಸೇರುತ್ತದೆ ಅಂತ ಸುಮಾರಾಗಿ ತಿಳಿಯಬಹುದು. ಶಾಂಪೇನಿನ ಶಾಲಾ ಜಿಲ್ಲೆಯಾದ ಯೂನಿಟ್ 4ರಲ್ಲಿ ಬಹುಕಾಲದಿಂದ ನಡೆದುಬಂದಿರುವುದು 'ಆಯ್ಕೆ' ಪದ್ಧತಿ: ನೀವು ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತೀರಿ, ಅಣ್ಣ ಅಕ್ಕ ಅದೇ ಶಾಲೆಯಲ್ಲಿದ್ದಾರೆಯೇ, ಮನೆ ಹತ್ತಿರವೇ ಅಂತ ನೋಡಿ ಅವರು ಸೀಟು ಹಂಚುತ್ತಾರೆ. ಕಿಂಡರ್‌ಗಾರ್ಟನ್ನಿನ (ಒಂದನೇ ತರಗತಿಗೆ ಮುಂಚಿನ ವರ್ಷ) ಮೊದಲ ಸುತ್ತು ವಸಂತದಲ್ಲೇ ನಡೆದುಹೋಗುತ್ತದೆ. ಆಗಸ್ಟಿನಲ್ಲಿ ವಿಮಾನ ಇಳಿಯುವ ನಮ್ಮವರಿಗೆ ಸಿಗುವುದು ಉಳಿದದ್ದು. ಎದುರಿಗೇ ಶಾಲೆ ಇದೆ ಅಂತ ಮನೆ ಹಿಡಿದು, ಮಗುವಿಗೆ ಊರಿನ ಆಚೆ ತುದಿಯ ಶಾಲೆ ಸಿಕ್ಕರೆ ಯಾರನ್ನೂ ದೂರುವಂತಿಲ್ಲ. ತಡವಾಗಿ ಬರುವವರಿಗೆ ಅರ್ಬಾನಾ ಲೇಸು ಅನ್ನುವುದಕ್ಕೆ ಇದೇ ದೊಡ್ಡ ಕಾರಣ. ಸವಾಯ್ ಬಹುಪಾಲು ಯೂನಿಟ್ 4ಕ್ಕೇ ಸೇರುತ್ತದೆ. ಕ್ಯಾರಿ ಬ್ಯೂಸಿ ಶಾಲೆ ಇರುವುದೂ ಅಲ್ಲೇ. ಆದರೆ ಅಂಚೆ ವಿಳಾಸದಲ್ಲಿರುವ ಊರ ಹೆಸರು ನೋಡಿ ಶಾಲಾ ಜಿಲ್ಲೆ ಊಹಿಸಬೇಡಿ. ಮನೆ ನಂಬರು, ರಸ್ತೆ ಹೆಸರು ಕೊಟ್ಟು ಜಿಲ್ಲೆಯ ಕಚೇರಿಗೇ ಇಮೇಲ್ ಮಾಡಿ, ಆ ವರ್ಷದ ನಿಯಮವನ್ನೂ ಕೇಳಿಕೊಳ್ಳಿ.

ಸೆಪ್ಟೆಂಬರ್ 1ರೊಳಗೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್. ಸೇರಿಸುವಾಗ ಮನೆಮಾತು ಯಾವುದು ಅಂತ ಒಂದು ಫಾರಂ ಕೊಡುತ್ತಾರೆ. ಕನ್ನಡ ಅಂತ ಬರೆದರೆ ಮಗುವನ್ನು ಹಿಂದೆ ಹಾಕುತ್ತಾರೆ ಅನ್ನುವ ಭಯಕ್ಕೆ ಕೆಲವರು ಇಂಗ್ಲಿಷ್ ಅಂತ ತುಂಬುತ್ತಾರೆ. ಹಾಗೆ ಮಾಡಬೇಡಿ. ಕನ್ನಡ ಅಂತಿದ್ದರೆ ಮಗುವಿನ ಇಂಗ್ಲಿಷ್ ಎಷ್ಟಿದೆ ಅಂತ ಪರೀಕ್ಷಿಸಿ, ಬೇಕಿದ್ದರೆ ಹೆಚ್ಚುವರಿ ಪಾಠ ಕೊಡುತ್ತಾರೆ. ತರಗತಿ ಇಳಿಸುವುದಿಲ್ಲ.

ಐದು ತುಂಬದ ಮಕ್ಕಳ ವಿಷಯವೇ ತಲೆನೋವು. ಇಲಿನಾಯ್ ನಿಯಮದಂತೆ ಡೇಕೇರಿನಲ್ಲಿ ಹದಿನೈದು ತಿಂಗಳೊಳಗಿನ ನಾಲ್ಕು ಕೂಸಿಗೆ ಒಬ್ಬರು ಇರಬೇಕು. ಎರಡು ವರ್ಷದವರಾದರೆ ಎಂಟಕ್ಕೆ ಒಬ್ಬರು, ಮೂರು ವರ್ಷದವರಾದರೆ ಹತ್ತಕ್ಕೆ ಒಬ್ಬರು. ಕೂಸುಗಳ ಸೀಟು ದುಬಾರಿಯೂ ಅಪರೂಪವೂ ಆಗಿರುವುದು ಇದರಿಂದಲೇ. ವೀಸಾ ಸ್ಟ್ಯಾಂಪ್ ಬೀಳುವುದನ್ನು ಕಾಯದೆ ನಾಲ್ಕೈದು ಕಡೆ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿ. ವಿಶ್ವವಿದ್ಯಾಲಯದ ಚೈಲ್ಡ್ ಡೆವಲಪ್‌ಮೆಂಟ್ ಲ್ಯಾಬೊರೇಟರಿ ಅವುಗಳಲ್ಲಿ ಒಂದಿರಲಿ. ಸೀಟು ಎಲ್ಲಿ ಸಿಗುತ್ತದೋ ಅದರ ಬಸ್ಸಿನ ದಾರಿಯಲ್ಲಿ ಮನೆ ನೋಡಿ. ಮನೆ ಮೊದಲು, ಡೇಕೇರ್ ಆಮೇಲೆ ಅಂತ ಹೊರಟವರಿಗೆ ದಿನಕ್ಕೆ ನಾಲ್ಕು ಬಸ್ಸು ಗ್ಯಾರಂಟಿ.

ವಿಶ್ವವಿದ್ಯಾಲಯದ ಗುರುತಿನ ಚೀಟಿ ಐ-ಕಾರ್ಡ್ ತೋರಿಸಿದರೆ ವಿದ್ಯಾರ್ಥಿಗಳೂ ನೌಕರರೂ ಊರ ಸಾರಿಗೆಯಾದ ಎಂಟಿಡಿ ಬಸ್ಸಿನಲ್ಲಿ ದುಡ್ಡು ಕೊಡಬೇಕಿಲ್ಲ. ಆದರೆ ವೇಳಾಪಟ್ಟಿಯನ್ನು ಒಂದೇ ಸಲ ನೋಡಿ ನಂಬಬೇಡಿ. ಹಗಲು 1 ಅಂತ ಓಡುವ ಯೆಲ್ಲೋ ಬಸ್ಸು ಸಂಜೆ ಮೇಲೆ ಮತ್ತು ವಾರಾಂತ್ಯಕ್ಕೆ 100 ಆಗುತ್ತದೆ. ನಂಬರಿನ ಜೊತೆಗೆ ಬಸ್ಸಿನ ಅಂತರವೂ ಕೆಲವೊಮ್ಮೆ ದಾರಿಯೂ ಬದಲಾಗುತ್ತದೆ. ಕ್ಲಾಸ್ ಇಲ್ಲದ ವಾರಗಳಲ್ಲಿ ಕೆಲವು ಬಸ್ಸು ಕಡಿಮೆ, ಆದರೆ ಆ ವಾರಗಳಲ್ಲೂ ಡೇಕೇರ್ ಇರುತ್ತದೆ, ನಿಮ್ಮ ಗೈಡ್ ಕೂಡ ಇರುತ್ತಾರೆ. ಮಗುವನ್ನು ಕೂರಿಸುವ ಮಡಚುವ ಗಾಡಿ (ಸ್ಟ್ರಾಲರ್) ಕೊಳ್ಳುವಾಗ ಒಂದು ಕೈಯಲ್ಲಿ ಮಗು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಅದನ್ನು ಮಡಚಲು ಆಗುತ್ತದೆಯೇ ಅಂತ ಅಂಗಡಿಯಲ್ಲೇ ನೋಡಿ. ಬಸ್ಸು ತುಂಬಿದಾಗ ಅದೇ ಬೇಕಾಗುವುದು. ಕಾರಿನಲ್ಲಾದರೆ ಎಂಟು ವರ್ಷದೊಳಗಿನ ಮಗುವಿಗೆ ಮಕ್ಕಳ ಸೀಟು ಕಡ್ಡಾಯ. ಎರಡರೊಳಗಿದ್ದರೆ ಹಿಂದಕ್ಕೆ ಮುಖ ಮಾಡಿ ಕೂರಿಸಬೇಕು. ಮಗು 40 ಪೌಂಡು ಅಥವಾ 40 ಇಂಚು ಮುಟ್ಟಿದ್ದರೆ ಮಾತ್ರ ವಿನಾಯಿತಿ. ಸ್ನೇಹಿತರ ಕಾರಿಗೂ ಇದೇ ನಿಯಮ.

ಇನ್ನು ಜಾಗಗಳು. ಶಾಂಪೇನಿನ ಗ್ರೀನ್ ಸ್ಟ್ರೀಟ್ ಸುತ್ತಿನ ಎತ್ತರದ ಕಟ್ಟಡಗಳು ಪದವಿ ಹುಡುಗರ ಸಾಮ್ರಾಜ್ಯ. ಶುಕ್ರವಾರ ರಾತ್ರಿ ಮಗು ಮಲಗುವುದಿಲ್ಲ. ವಿಶ್ವವಿದ್ಯಾಲಯದ್ದೇ ಆದ ಆರ್ಚರ್ಡ್ ಡೌನ್ಸ್ ಅರ್ಬಾನಾದಲ್ಲಿದೆ, ಸಂಸಾರಸ್ಥರಿಗೆ ಒಗ್ಗುವ ಜಾಗ. ಬಯಲು, ಓರಗೆಯ ಮಕ್ಕಳು, ಮೆಂತ್ಯ ಕೊತ್ತಂಬರಿ ಹಾಕಲು ತೋಟದ ತುಂಡು ಎಲ್ಲ ಇವೆ. ಮನೆಗಳು ಹಳೆಯವು, ಹೊಳಪು ನಿರೀಕ್ಷಿಸಬೇಡಿ. ಮೊದಲ ವರ್ಷಕ್ಕೆ ಅಲ್ಲಿ ಸಿಕ್ಕರೆ ಕಣ್ಣು ಮುಚ್ಚಿ ಹಿಡಿಯಿರಿ. ಲಿಂಕನ್ ಅವೆನ್ಯೂ ಪೂರ್ವಕ್ಕೆ ಹಳೆಯ ಮರ, ಹಳೆಯ ಮನೆಗಳ ಅರ್ಬಾನಾ. ಲೈಬ್ರರಿಗೂ ಶನಿವಾರದ ಸಂತೆಗೂ ನಡೆದೇ ಹೋಗಬಹುದು. ಆರು ತಿಂಗಳಿಗೆ ಅಜ್ಜಿ ತಾತ ಬರುವ ಮನೆಯಾದರೆ, ಅವರಿಗೆ ಕಾರು ಓಡಿಸಲು ಬಾರದು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದು, ಈ ಭಾಗ ನೋಡಿ. ಅರ್ಬಾನಾದ ಫೈಲೋ ರೋಡ್ ಕಡೆ ಮೈಯರ್ ಅನ್ನುವ ದೊಡ್ಡ ದಿನಸಿ ಅಂಗಡಿ ಹತ್ತಿರ. ಸವಾಯ್ ಮತ್ತು ನೈಋತ್ಯ ಶಾಂಪೇನಿನಲ್ಲಿ ಮನೆ ಹೊಸದು, ಬಟ್ಟೆ ಒಗೆಯುವ ಮಷೀನು ಮನೆಯೊಳಗೇ ಇರುವ ಸಂಭವ ಹೆಚ್ಚು. ಕಾರಿದ್ದರೆ ಸುಖ, ಇಲ್ಲದಿದ್ದರೆ ಸೆರೆವಾಸ.

ಹಳೆಯ ಮನೆ ಅಂದೆವಲ್ಲ, ಅದರ ಕಿಟಕಿ ನೋಡುವುದು ಕಲಿಯಿರಿ. 1978ಕ್ಕೆ ಮುಂಚಿನ ಮನೆಗಳಲ್ಲಿ ಸೀಸದ ಬಣ್ಣ ಇರಬಹುದು. ತಿಳಿದಿದ್ದರೆ ಮಾಲೀಕರು ಬರಹದಲ್ಲಿ ತಿಳಿಸಬೇಕು, ಅದರ ಬಗೆಗಿನ ಕರಪತ್ರವನ್ನಂತೂ ಹೇಗಿದ್ದರೂ ಕೊಡಬೇಕು ಅಂತ ಕೇಂದ್ರ ಸರ್ಕಾರದ ಕಾನೂನಿದೆ. ಮೇಲಕ್ಕೆ ಎತ್ತುವ ಮರದ ಕಿಟಕಿ ತೆರೆದು ಕೆಳಗಿನ ಚೌಕಟ್ಟಿನ ತೋಡನ್ನು ನೋಡಿ. ಪ್ರತಿ ಸಲ ಎತ್ತಿ ಇಳಿಸುವಾಗ ಬಣ್ಣ ಉಜ್ಜಿ ಪುಡಿಯಾಗಿ ಬಂದು ಕೂರುವುದು ಅಲ್ಲಿ. ಎರಡು ವರ್ಷದ ಮಗು ನಿಂತರೆ ಗಲ್ಲ ಬರುವುದೂ ಆ ಎತ್ತರಕ್ಕೇ. ಬಣ್ಣ ಹಕ್ಕಳೆ ಎದ್ದಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬೇಡ.

ಅಡುಗೆಮನೆಯ ಹೊಗೆ ಫ್ಯಾನು ಹಾಕಿ ಅದರ ಮುಂಭಾಗದ ಜಾಲರಿಗೆ ಕೈ ಹಿಡಿಯಿರಿ. ಗಾಳಿ ಮುಖಕ್ಕೇ ಬಂದರೆ ಅದು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಅಲ್ಲೇ ಸುತ್ತಿಸುತ್ತದೆ. ಅಂಥ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಅಲಾರಂ ಕೂಗುತ್ತದೆ, ಮಲಗಿದ್ದ ಮಗು ಏಳುತ್ತದೆ. ಹೀಟಿಂಗ್ ಗ್ಯಾಸೋ ಕರೆಂಟೋ ಕೇಳಿ, ಕಳೆದ ಜನವರಿ, ಫೆಬ್ರವರಿಯ ಬಿಲ್ ತೋರಿಸಲು ಹೇಳಿ.

ಲೀಸ್ ಅಂದರೆ ಬೆಂಗಳೂರಿನಲ್ಲಿ ದೊಡ್ಡ ಮೊತ್ತ ಇಟ್ಟು ಬಾಡಿಗೆಯಿಲ್ಲದೆ ಇರುವುದು. ಇಲ್ಲಿ ಲೀಸ್ ಅಂದರೆ ಬಾಡಿಗೆ ಕರಾರು ಅಷ್ಟೇ. ಕ್ಯಾಂಪಸ್ ಕಂಪನಿಗಳ ಕರಾರು ಸಾಮಾನ್ಯವಾಗಿ ಆಗಸ್ಟಿನಿಂದ ಆಗಸ್ಟಿಗೆ, ಆದರೆ ಹಳೆಯದು ಮುಗಿಯುವ ದಿನಕ್ಕೂ ಹೊಸದು ಶುರುವಾಗುವ ದಿನಕ್ಕೂ ನಡುವೆ ಕೆಲವು ದಿನ ಬಿಟ್ಟಿರುತ್ತಾರೆ. ಮುಂದಿನ ವರ್ಷ ಮನೆ ಬದಲಿಸುವಾಗ ಆ ದಿನಗಳಲ್ಲಿ ಮಗು, ಮಂಚ, ಕುಕ್ಕರ್ ಸಮೇತ ಎಲ್ಲಿರುತ್ತೀರಿ ಅಂತ ಈಗಲೇ ಕೇಳಿ. ಇನ್ನೊಂದು ಸಂಸಾರದ ಜೊತೆ ಹಂಚಿಕೊಳ್ಳುವುದಾದರೆ ಕರಾರು ಜಂಟಿಯೋ ಅಂತ ನೋಡಿ. ಜಂಟಿಯಾದರೆ ಅವರು ಬಿಟ್ಟುಹೋದಾಗ ಪೂರ್ತಿ ಬಾಡಿಗೆ ನಿಮ್ಮ ತಲೆಗೆ. ವಿದ್ಯಾರ್ಥಿಗಳಿಗೆ ಆಫ್-ಕ್ಯಾಂಪಸ್ ಕಮ್ಯೂನಿಟಿ ಲಿವಿಂಗ್ ಕಚೇರಿಯವರು ಕರಾರನ್ನು ಪುಕ್ಕಟೆ ಓದಿ ಹೇಳುತ್ತಾರೆ. ಸಹಿಗೆ ಮುಂಚೆ ಕಳಿಸಿ, ಆಮೇಲೆ ಕಳಿಸಿ ಉಪಯೋಗವಿಲ್ಲ. "ಮಕ್ಕಳಿರುವವರಿಗೆ ಕೊಡುವುದಿಲ್ಲ" ಅಂತ ಯಾರಾದರೂ ಅಂದರೆ ಅದು ಸಾಮಾನ್ಯವಾಗಿ ಕಾನೂನುಬಾಹಿರ, ಅದನ್ನೂ ಈ ಕಚೇರಿಯವರಿಗೇ ತಿಳಿಸಿ.

ಕೊನೆಗೆ, ಊರಿನಲ್ಲೇ ಮುಗಿಸಿಕೊಂಡು ಬರಬೇಕಾದ ಕೆಲಸ. ತಾಯಿ ಕಾರ್ಡಿನಲ್ಲಿರುವ ಲಸಿಕೆಗಳನ್ನು ಇಲ್ಲಿ ಹಾಗೇ ಒಪ್ಪುವುದಿಲ್ಲ. ಸರ್ಕಾರಿ ಎಂಆರ್ (ದಡಾರ, ರುಬೆಲ್ಲಾ) ಲಸಿಕೆಯಲ್ಲಿ ಮಂಗನಬಾವಿನ ಭಾಗವಿಲ್ಲ, ಇಲ್ಲಿ ಮೂರೂ ಇರುವ ಎಂಎಂಆರ್ ಎರಡು ಸಲ ಬೇಕು. ಮೊದಲ ಹುಟ್ಟುಹಬ್ಬಕ್ಕೆ ಮುಂಚೆ, ಒಂಬತ್ತನೇ ತಿಂಗಳಲ್ಲಿ, ಹಾಕಿಸಿದ್ದು ಲೆಕ್ಕಕ್ಕಿಲ್ಲ. 2016ರ ಏಪ್ರಿಲ್ 1ರಿಂದೀಚಿನ ಪೋಲಿಯೋ ಹನಿಯೂ ಲೆಕ್ಕಕ್ಕಿಲ್ಲ, ಚುಚ್ಚುಮದ್ದೇ ಆಗಬೇಕು. ಕಿಂಡರ್‌ಗಾರ್ಟನ್ನಿಗೆ ಸೀತಾಳೆ ಸಿಡುಬಿನ ಲಸಿಕೆ ಎರಡು ಡೋಸ್. ಮಕ್ಕಳ ಡಾಕ್ಟರ ಹತ್ತಿರ ಇವನ್ನು ಹಾಕಿಸಿ, ದಿನಾಂಕ ಸಮೇತ ಇಂಗ್ಲಿಷಿನಲ್ಲಿ ಬರೆಸಿ, ಸಹಿ ಮೊಹರು ಹಾಕಿಸಿಕೊಳ್ಳಿ. ಲಸಿಕೆಯ ಕಾಗದ ಸರಿಯಿಲ್ಲದಿದ್ದರೆ ಅಕ್ಟೋಬರ್ 15ರ ನಂತರ, ಕೆಲವೆಡೆ ಅದಕ್ಕೂ ಮುಂಚೆಯೇ, ಮಗುವನ್ನು ಶಾಲೆಯಿಂದ ಮನೆಗೆ ಕಳಿಸುತ್ತಾರೆ. ಈ ನಿಯಮ ರಾಜ್ಯದ್ದು, ಮನೆ ರೈಟ್ ಸ್ಟ್ರೀಟಿನ ಯಾವ ಕಡೆ ಇದ್ದರೂ ಒಂದೇ.