ಹಳೆ ಮಾರುತಿ ಎಸ್ಟೀಮ್‌ಗೆ ಟರ್ಬೊ, ಎಂಜಿನ್ ಉಳಿಸಿಕೊಂಡು

ಮೊದಲೇ ಹೇಳಿಬಿಡುತ್ತೇನೆ, ಟರ್ಬೊ ಹಾಕಿದ ನನ್ನ ಎಸ್ಟೀಮ್ ರಸ್ತೆಗೆ ಇಳಿಯುವುದಿಲ್ಲ. ಟರ್ಬೊ ಅಂದರೆ ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್ ಒಳಗೆ ಹೆಚ್ಚು ಗಾಳಿ ತುಂಬುವ ಸಾಧನ. ಕಂಪನಿ ಕೊಟ್ಟಿದ್ದನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಅಪಘಾತವಾದರೆ ಇನ್ಶೂರೆನ್ಸ್‌ನವರೂ ಕೈ ಎತ್ತುತ್ತಾರೆ. ಹಾಗಾಗಿ ಬೆಂಗಳೂರಿಂದ ಲಾರಿ ಮೇಲೆ ಹೇರಿಕೊಂಡು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಅನ್ನೋ ರೇಸ್ ಟ್ರ್ಯಾಕ್‌ಗೆ ಹೋಗುತ್ತೇನೆ, ಹಾಗೇ ವಾಪಸ್ ತರುತ್ತೇನೆ. ನೀವೂ ಹಾಗೇ ಮಾಡಿ.

ಟರ್ಬೊ ಕೊಳ್ಳುವ ಮುಂಚೆ ಎಂಜಿನ್ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅನ್ನೋದನ್ನು ನೋಡಿಸಿ. ಎಂಜಿನ್ ಬಿಸಿಯಾಗಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು. ನನ್ನದು ನಾಲ್ಕೂ ಸಿಲಿಂಡರ್‌ನಲ್ಲಿ 176ರಿಂದ 182 ಪಿಎಸ್‌ಐ ತೋರಿಸಿತು. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಬಂದರೆ ಟರ್ಬೊ ಆಸೆ ಬಿಟ್ಟು ಮೊದಲು ಬೋರ್ ಕೆಲಸ ಮಾಡಿಸಿ.

ಆಮೇಲೆ ಎಷ್ಟು ಬೂಸ್ಟ್, ಅಂದರೆ ಟರ್ಬೊ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡ ಕೊಡಬೇಕು ಅಂತ ಒಂದು ಗೆರೆ ಎಳೆದುಕೊಳ್ಳಿ. ನಂದು 0.4 ಬಾರ್, ಅಂದರೆ 6 ಪಿಎಸ್‌ಐ ಆಸುಪಾಸು. ಎಸ್ಟೀಮ್‌ನ 1298 ಸಿಸಿ ಎಂಪಿಎಫ್‌ಐ ಎಂಜಿನ್ 85 ಕುದುರೆಶಕ್ತಿಯದು. ಹೊರಗಿನ ಗಾಳಿಯ ಒತ್ತಡ ಸುಮಾರು 1 ಬಾರ್, ಅದರ ಮೇಲೆ 0.4. ಹಾಗಾಗಿ ಕಾಗದದ ಮೇಲೆ 85ನ್ನು 1.4ರಿಂದ ಗುಣಿಸಿದರೆ 119. ಗಾಳಿಯ ಬಿಸಿ, ಹಿಂದಕ್ಕೆ ತಂದ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಸಮಯ) ಎಲ್ಲ ಕಳೆದು 110 ಸಿಕ್ಕಿದರೂ ಸಾಕು ಅಂದುಕೊಂಡೆ. ಫಿಯೆಟ್ ಕಂಪನಿಯೇ ಟರ್ಬೊಗೆ ಅಂತ ಕಟ್ಟಿದ ಲೀನಿಯಾ ಟಿ-ಜೆಟ್‌ನ 1.4 ಲೀಟರ್ ಎಂಜಿನ್ ಕೊಡುತ್ತಿದ್ದದ್ದು 114. ಹಳೆ ಪಿಸ್ಟನ್ ಇಟ್ಟುಕೊಂಡ ನಾವು ಅದಕ್ಕಿಂತ ಮೇಲೆ ಹೋಗೋದು ಯಾಕೆ, ಅಲ್ವಾ? ಬೂಸ್ಟ್ ಕನಿಷ್ಠ ಎಷ್ಟು ಅನ್ನೋದನ್ನು ತೀರ್ಮಾನಿಸುವುದು ವೇಸ್ಟ್‌ಗೇಟ್ ಸ್ಪ್ರಿಂಗ್. ವೇಸ್ಟ್‌ಗೇಟ್ ಅಂದರೆ ಹೆಚ್ಚಾದ ಹೊಗೆಯನ್ನು ಟರ್ಬೊಗೆ ತಾಗದ ಹಾಗೆ ಪಕ್ಕಕ್ಕೆ ಬಿಡುವ ಬಾಗಿಲು. ಅದನ್ನೇ 0.4ಕ್ಕೆ ಹಾಕಿ. ಬೂಸ್ಟ್ ಏರಿಸಲು ಬರುವ ಕಂಟ್ರೋಲರ್ ತಂದರೆ ಕೈ ಸುಮ್ನೆ ಇರೋದಿಲ್ಲ, ನನಗೆ ನನ್ನ ಕೈ ಗೊತ್ತು.

ಟರ್ಬೊ ಸಣ್ಣ ಪೆಟ್ರೋಲ್ ಕಾರಿಂದು ಹುಡುಕಿ. ಹಳೆ ಸಾಮಾನಿನ ಅಂಗಡಿಯಲ್ಲಿ ಡೀಸೆಲ್ ಕಾರಿನ ಟರ್ಬೊಗಳೇ ಜಾಸ್ತಿ ಸಿಗುತ್ತವೆ, ಅಗ್ಗ ಕೂಡ. ಆದರೆ ಪೆಟ್ರೋಲ್ ಎಂಜಿನ್ ಹೊಗೆಯ ಬಿಸಿ ಜೋರಾಗಿ ಓಡಿಸಿದಾಗ 900 ಡಿಗ್ರಿ ಮುಟ್ಟುತ್ತದೆ, ಡೀಸೆಲ್‌ದು ಅಷ್ಟಕ್ಕೆ ಹೋಗಲ್ಲ. ಎಂಜಿನ್‌ನಿಂದ ಟರ್ಬೊಗೆ ಹೊಗೆ ಒಯ್ಯುವ ಮ್ಯಾನಿಫೋಲ್ಡ್‌ಗೆ ದಪ್ಪ ಪೈಪೇ ಹಾಕಿಸಿ. ಟರ್ಬೊದ ಭಾರ ವೆಲ್ಡಿಂಗ್ ಮೇಲೆ ಬೀಳದ ಹಾಗೆ ಬ್ಲಾಕ್‌ನಿಂದ ಒಂದು ಬ್ರಾಕೆಟ್ ಕೊಡಿ. ಇಲ್ಲದಿದ್ದರೆ ಕ್ರ್ಯಾಕ್ ಬರೋದು ಖಂಡಿತ.

ಈಗ ನಾನು ಎಡವಿದ ಜಾಗಕ್ಕೆ ಬರೋಣ. ಟರ್ಬೊಗೆ ಆಯಿಲ್ ಹೋಗುವ ಪೈಪನ್ನು ಆಯಿಲ್ ಪ್ರೆಶರ್ ಸ್ವಿಚ್ ಇರುವ ಕಡೆ ಟಿ ಹಾಕಿ ತೆಗೆದೆವು. ಅದು ಸುಲಭ. ವಾಪಸ್ ಬರುವ ಪೈಪನ್ನು ಒಬ್ಬ ವೆಲ್ಡರ್ 8 ಎಂಎಂಗೆ ಮಾಡಿಕೊಟ್ಟ, ನಡುವೆ ಡ್ರೈವ್ ಶಾಫ್ಟ್ ತಪ್ಪಿಸಲು ಒಂದು ಮೇಲ್ಮುಖದ ಬಾಗು ಬೇರೆ. ಸ್ಟಾರ್ಟ್ ಮಾಡಿದ ಎರಡು ನಿಮಿಷಕ್ಕೆ ಶೆಡ್ ತುಂಬ ನೀಲಿ ಹೊಗೆ. ಸೀಲ್ ಹೋಗಿದೆ ಅಂತ ಟರ್ಬೊ ಬಿಚ್ಚಿ ಕಿಟ್ ಹಾಕಿಸಿದೆ. ಮತ್ತೆ ಅದೇ ಹೊಗೆ. ಕೊನೆಗೆ ಪಕ್ಕದ ಗ್ಯಾರೇಜಿನ ಹಿರಿಯರೊಬ್ಬರು ಬಗ್ಗಿ ನೋಡಿ, "ಏನಪ್ಪಾ, ಆಯಿಲ್ ಗುಡ್ಡ ಹತ್ತುತ್ತಾ?" ಅಂದರು.

ವಿಷಯ ಇಷ್ಟೇ. ಟರ್ಬೊ ಶಾಫ್ಟ್‌ನಲ್ಲಿರೋದು ನಾವು ಅಂದುಕೊಂಡಂಥ ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗ್ ಥರದ ತೆಳ್ಳನೆ ಉಂಗುರ. ಅದು ಆಯಿಲನ್ನು ತಡೆದು ನಿಲ್ಲಿಸಲಾರದು. ಆಯಿಲ್ ಅಲ್ಲಿಂದ ನೊರೆಯಾಗಿ ಇಳಿಯುತ್ತದೆ, ಅದನ್ನು ಎಳೆಯೋಕೆ ಪಂಪ್ ಇಲ್ಲ, ತನ್ನ ಭಾರಕ್ಕೇ ಇಳಿಯಬೇಕು. ಪೈಪ್ ಒಳಗಡೆ 16 ಎಂಎಂ ಆದರೂ ಇರಲಿ, ಉದ್ದಕ್ಕೂ ಕೆಳಮುಖ ಇರಲಿ, ಆಯಿಲ್ ಚೇಂಬರ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ. ನಾನು ಚೇಂಬರ್ ಇಳಿಸಿ ಹೊಸ ಜಾಗದಲ್ಲಿ ತೂತು ಹೊಡೆಸಿದೆ. ಹೊಗೆ ಅವತ್ತೇ ನಿಂತಿತು. ಕಿಟ್ ದುಡ್ಡು ದಂಡ.

ಇನ್ನು ಪೆಟ್ರೋಲ್. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಒರಿಜಿನಲ್ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ ಓದುತ್ತದೆ. ಬೂಸ್ಟ್ ಬಂದದ್ದೇ ಅದಕ್ಕೆ ತಿಳಿಯಲ್ಲ. ಪೆಟ್ರೋಲ್ ಕಮ್ಮಿಯಾಗಿ, ನಾಕಿಂಗ್ ಹೊಡೆದು (ಮಿಶ್ರಣ ತಾನಾಗೇ ಸಿಡಿದು), ಪಿಸ್ಟನ್ ಒಡೆಯೋದು ಹೀಗೇ. 2.5 ಅಥವಾ 3 ಬಾರ್ ಸೆನ್ಸರ್, ಟ್ಯೂನ್ ಮಾಡಬಹುದಾದ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಹೊಗೆ ನೋಡಿ ಮಿಶ್ರಣ ಹೇಳುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಇವು ಮೂರರಲ್ಲಿ ಜಿಪುಣತನ ಬೇಡ. 120 ಕುದುರೆಶಕ್ತಿಗೆ ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ 230 ಸಿಸಿಯದು ಬೇಕು ಅಂತ ನನ್ನ ಲೆಕ್ಕ. 280ರದು ಹಾಕಿದೆ. ಬೂಸ್ಟ್‌ನಲ್ಲಿ ಮಿಶ್ರಣ, ಅಂದರೆ ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಗಾಳಿ, 11.5ರಿಂದ 12ರ ಒಳಗೆ ಇರಲಿ. ಟೈಮಿಂಗ್ ಪ್ರತಿ ಪಿಎಸ್‌ಐಗೆ ಒಂದು ಡಿಗ್ರಿ ಹಿಂದಕ್ಕೆ ಅಂತ ಶುರು ಮಾಡಿ, ಆಮೇಲೆ ಶಕ್ತಿ ಅಳೆಯುವ ಯಂತ್ರ ಡೈನೊ ಮೇಲೆ ತಿದ್ದಿಕೊಳ್ಳಿ. ಪಂಪ್‌ನಲ್ಲಿ 95 ಆಕ್ಟೇನ್ ಕೇಳಿ ಹಾಕಿಸಿ. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕೇ ಬೇಕು. ಇಷ್ಟು ಕಮ್ಮಿ ಬೂಸ್ಟ್‌ಗೆ ಬೇಡ ಅನ್ನುವವರು ಏಪ್ರಿಲ್‌ನಲ್ಲಿ ಕೊಯಮತ್ತೂರಿಗೆ ಬಂದು ನೋಡಲಿ.

ಪ್ಲಗ್ ಒಂದು ಹಂತ ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು ಹಾಕಿ, ಗ್ಯಾಪ್ 0.7 ಎಂಎಂ ಮಾಡಿ. ಮೊದಲ ಟ್ರ್ಯಾಕ್ ದಿನ ಪ್ರತಿ ನಾಲ್ಕು ಲ್ಯಾಪ್‌ಗೊಮ್ಮೆ ಪ್ಲಗ್ ಬಿಚ್ಚಿ, ಬೆಳಕಿಗೆ ಹಿಡಿದು, ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳಿದ್ದರೆ ನಾಕಿಂಗ್ ಶುರುವಾಗಿದೆ ಅಂತ. ಹೊಳೆಯುವ ಬೆಳ್ಳಿ ಚುಕ್ಕೆ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಅಲ್ಲಿಗೆ ಆ ದಿನದ ಓಟ ಮುಗಿಯಿತು, ಗಾಡಿ ಲಾರಿ ಹತ್ತಿಸಿ. ನನ್ನ ಮೂರನೇ ಸಿಲಿಂಡರ್ ಪ್ಲಗ್‌ನಲ್ಲಿ ಒಮ್ಮೆ ಕರಿ ಚುಕ್ಕೆ ಬಂದಿತ್ತು. ಎರಡು ಡಿಗ್ರಿ ಟೈಮಿಂಗ್ ಇಳಿಸಿದ ಮೇಲೆ ಹೋಯಿತು.

ಜೋರಾಗಿ ಓಡಿಸಿ ಬಂದ ತಕ್ಷಣ ಕೀ ತಿರುಗಿಸಬೇಡಿ. ಕೊನೆಯ ಲ್ಯಾಪ್ ನಿಧಾನ ಬನ್ನಿ, ಆಮೇಲೂ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಇಲ್ಲದಿದ್ದರೆ ಬೇರಿಂಗ್‌ನಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಎಂಜಿನ್ ತಣ್ಣಗಾದ ಮೇಲೆ ಮ್ಯಾನಿಫೋಲ್ಡ್ ನಟ್‌ಗಳನ್ನು ಸ್ಪ್ಯಾನರ್‌ನಲ್ಲಿ ಒಮ್ಮೆ ಮುಟ್ಟಿ ನೋಡಿ. ಮೊದಲ ಮೂರು ಸಲ ಒಂದಾದರೂ ಸಡಿಲ ಆಗಿಯೇ ಇರುತ್ತದೆ.