ಜೌಗಿನಲ್ಲಿ ಸ್ಪ್ರೂಸ್ ನಿಲ್ಲಿಸಿದ್ದು ಮಣ್ಣಿನ ಗುಡ್ಡೆ

ಗುಡ್ಡೆ ಮೇಲೆ ನೆಟ್ಟ ನನ್ನ ಸಿಟ್ಕಾ ಸ್ಪ್ರೂಸ್‌ಗಳು (ದಿಮ್ಮಿಗಾಗಿ ಬೆಳೆಸುವ ಸೂಜಿ ಎಲೆಯ ಮರ) 15 ಮೀಟರ್ ದಾಟಿವೆ. ದೊಡ್ಡ ಬಿರುಗಾಳಿಗಳನ್ನು ತಡೆದುಕೊಂಡು ನಿಂತಿವೆ. ‘ಒದ್ದೆ ನೆಲದಲ್ಲಿ ಗುಡ್ಡೆ ಹಾಕಿದರೆ ಇನ್ನೂ ಬೇಗ ಉರುಳುತ್ತವೆ’ ಅಂದವರೇ ಈಗ ಗುಡ್ಡೆಯ ಅಳತೆ ಕೇಳುತ್ತಿದ್ದಾರೆ.

ಹಳೆಯ ತಾಕಿನಲ್ಲಿ ನೇಗಿಲು ಹೊಡೆದು ಏರಿಯ ಮೇಲೆ ನೆಟ್ಟಿದ್ದೆ, ಎಲ್ಲರೂ ಮಾಡುವ ಹಾಗೆ. ಗಿಡ ಚೆನ್ನಾಗಿಯೇ ಎದ್ದವು. ಆದರೆ ಬೇರು ಏರಿಯ ಉದ್ದಕ್ಕೇ ಓಡಿತು, ಪಕ್ಕದ ಕಾಲುವೆ ದಾಟಲೇ ಇಲ್ಲ. ಗಾಳಿ ಸಾಲಿಗೆ ಅಡ್ಡ ಬೀಸಿದ ರಾತ್ರಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮಲಗಿತು. ಬೇರಿನ ತಟ್ಟೆ ಮಣ್ಣು ಸಮೇತ ಮೇಲೆದ್ದಿತ್ತು. ದಪ್ಪ 30–40 ಸೆಂ.ಮೀ. ಅಷ್ಟೇ. ಅದರ ಕೆಳಗಿನ ಬೂದು ಮಣ್ಣಿನಲ್ಲಿ ಉಸಿರಾಡಲು ಗಾಳಿಯೇ ಇಲ್ಲ. ಇಳಿದ ಬೇರೂ ನೀರು ಏರಿದಾಗ ಸಾಯುತ್ತದೆ. ಒಂದರ ಮೇಲೊಂದು ಬಿದ್ದ ಮರ ಬಿಡಿಸಲು ಕೂಲಿ ದುಪ್ಪಟ್ಟಾಯಿತು. ಸೀಳಿದ ದಿಮ್ಮಿಗೆ ಅರ್ಧ ಬೆಲೆಯೂ ಸಿಗಲಿಲ್ಲ.

ಹೊಸ ತಾಕಿನಲ್ಲಿ ಹಿಟಾಚಿ ತರಿಸಿ ಬಿಡಿಬಿಡಿಯಾಗಿ ಗುಡ್ಡೆ ಹಾಕಿಸಿದೆ. ಎತ್ತರ ಸುಮಾರು 25 ಸೆಂ.ಮೀ. ಬಕೆಟ್‌ನಿಂದ ಚೆನ್ನಾಗಿ ಒತ್ತಿಸಬೇಕು. ಸಡಿಲ ಬಿಟ್ಟ ಕಡೆ ಗಿಡ ವಾಲಿದವು. ಉಳುಮೆಗಿಂತ ಒಂದೂವರೆ ಪಟ್ಟು ಖರ್ಚು ಬಂತು. ಮಣ್ಣು ತೆಗೆದ ಗುಂಡಿಗಳು ಸಾಲಾಗಿ ಕೂಡಿಕೊಳ್ಳಬಾರದು, ಬೇರಿಗೆ ಮತ್ತೆ ಅದೇ ಕಾಲುವೆ ಅಡ್ಡ ಬರುತ್ತದೆ. ಗುಂಡಿ ಗಾಳಿಯ ಯಾವ ಕಡೆಗಿರಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಅನುಮಾನ ತೀರಲೆಂದು ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಕಟ್ಟಿ ಎಳೆದೂ ನೋಡಿದೆ. ಏರಿಯ ಮರ ಸಾಲಿಗೆ ಅಡ್ಡ ಎಳೆದರೆ ಬೇಗ ಎದ್ದು ಬಂತು. ಗುಡ್ಡೆಯ ಮರ ಯಾವ ಕಡೆ ಎಳೆದರೂ ಹೆಚ್ಚುಕಡಿಮೆ ಒಂದೇ ಬಲ ಕೇಳಿತು. ಬೇರು ಸುತ್ತಲೂ ಹರಡಿದೆ ಅನ್ನೋದಕ್ಕೆ ಇನ್ನೇನು ಬೇಕು?

ಕೆಲವು ಗಿಡಗಳಿಗೆ ಗೂಟವನ್ನೂ ಕಟ್ಟಿದ್ದೆ. ಸುಮ್ನೆ ದುಡ್ಡು ದಂಡ. ಅಲುಗಾಡದ ಗಿಡದ ಬುಡ ದಪ್ಪವಾಗಲಿಲ್ಲ. ಒಂದು ಮೂಲೆಯಲ್ಲಿ ಲಾಡ್ಜ್‌ಪೋಲ್ ಪೈನ್ (ಇನ್ನೊಂದು ಸೂಜಿ ಎಲೆಯ ಮರ) ಬೆರೆಸಿದ್ದು ಮಾತ್ರ ಒಳ್ಳೆಯದಾಯಿತು. ಅದು ಅರೆಕೊಳೆತ ಗಿಡಗಂಟಿಯ ಒದ್ದೆ ಮಣ್ಣಾದ ಪೀಟ್‌ನಲ್ಲೂ ಜಾಸ್ತಿ ಆಳ ಬೇರು ಬಿಟ್ಟು ನೆಲ ಒಣಗಿಸುತ್ತದೆ. ಪಕ್ಕದ ಸ್ಪ್ರೂಸ್ ಬೇರೂ ತುಸು ಕೆಳಗಿಳಿದಿದೆ. ಆದರೆ ಪೈನ್ ಬುಡ ಸೊಟ್ಟ, ದಿಮ್ಮಿಗೆ ಬೆಲೆ ಕಡಿಮೆ.

ಥಿನ್ನಿಂಗ್ (ನಡುನಡುವೆ ಕೆಲವು ಮರ ಕಡಿದು ಸಂದು ಮಾಡೋದು) ಮಾಡಿದ್ದು ಒಂದೇ ಸಲ, ಮರ 8–9 ಮೀಟರ್ ಇದ್ದಾಗ. ಎತ್ತರವಾದ ಮೇಲೆ ಸಂದು ಮಾಡಿದರೆ ಗಾಳಿ ಒಳಗೆ ನುಗ್ಗುತ್ತದೆ, ಉಳಿದ ಮರ ಗಟ್ಟಿಯಾಗುವಷ್ಟು ಸಮಯ ಸಿಗೋದಿಲ್ಲ. ಅಂಚಿನ ಮರಗಳನ್ನಂತೂ ಮುಟ್ಟಿಲ್ಲ. ಬಸಿಗಾಲುವೆಯ ಹೂಳು ವರ್ಷ ವರ್ಷ ತೆಗೆಸುತ್ತೇನೆ. 20 ಮೀಟರ್ ಮುಟ್ಟುವ ಹೊತ್ತಿಗೆ ಇಡೀ ತಾಕನ್ನು ಒಟ್ಟಿಗೇ ಕಡಿಸುವ ಯೋಚನೆ ಇದೆ.